ಉಳಿದ ಉಲ್ಲನ್‌ನಲ್ಲಿ ಹೆಣೆದದ್ದು ಕೆಟ್ಟರೆ: ತಪ್ಪು ಎಲ್ಲಿದೆ ಅಂತ ಹುಡುಕುವ ಕ್ರಮ

ಹೊಸ ಉಂಡೆ ತಂದು ಹೆಣೆಯುವಾಗ ಬಾರದ ತೊಂದರೆಗಳು ಉಳಿದ ಉಂಡೆಗಳಲ್ಲಿ ಹೆಣೆಯುವಾಗ ಬರುತ್ತವೆ. ಮಂಗಳೂರು, ಉಡುಪಿಯಲ್ಲಿ ಸ್ವೆಟರ್ ಹಾಕುವಷ್ಟು ಚಳಿ ಇಲ್ಲ, ನಿಜ. ಆದರೂ ಎಷ್ಟೋ ಮನೆಗಳ ಕಪಾಟಿನಲ್ಲಿ ಉಲ್ಲನ್ ಚೀಲ ಒಂದು ಇದ್ದೇ ಇರುತ್ತದೆ. ಬಾಣಂತಿ ಮನೆಗೆ ಮಗುವಿನ ಟೊಪ್ಪಿ, ಬೆಂಗಳೂರಿನ ಮಗಳಿಗೆ ಶಾಲು, ಗಲ್ಫ್‌ನಲ್ಲಿ ದಿನವಿಡೀ ಏಸಿ ಕೆಳಗೆ ಕೂರುವ ತಮ್ಮನಿಗೆ ತೋಳಿಲ್ಲದ ಸ್ವೆಟರ್. ಒಂದೊಂದರಲ್ಲೂ 10 ಗ್ರಾಂ, 20 ಗ್ರಾಂ ಉಳಿಯುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ, ಬರಬಾರದು ಕೂಡ. ಅವುಗಳಿಂದ ಪಟ್ಟೆ ಹೊದಿಕೆ, ದಿಂಬಿನ ಕವರ್, ಕೋಸ್ಟರ್, ಬಾಗಿಲ ತೋರಣ, ಮಾರ್ಕೆಟ್ ಚೀಲ ಎಲ್ಲವೂ ಆಗುತ್ತದೆ.

"ಎಂತ ಮಾರ್ರೆ, ಹೆಣೆದ ಹಾಗೆ ಅಗಲ ಆಗ್ತಾ ಉಂಟು" ಅಂತ ಅರ್ಧ ಹೊದಿಕೆ ಹಿಡಿದುಕೊಂಡು ಬರುವವರು ಕೂಡಲೇ ತಮ್ಮ ಕೈಯನ್ನೇ ದೂರುತ್ತಾರೆ. ತಂದ ತುಂಡುಗಳನ್ನು ಬಿಡಿಸಿ ನೋಡಿದಾಗ ನನಗೆ ಕಂಡದ್ದು ಬೇರೆ. ಕೈ ತಪ್ಪು ಕಡಿಮೆ. ಒಟ್ಟಿಗೆ ಸೇರಬಾರದ ನೂಲುಗಳು ಸೇರಿದ್ದೇ ಜಾಸ್ತಿ. ಹಾಗಾಗಿ ಬಿಚ್ಚುವ ಮೊದಲು ಕಾರಣ ಹುಡುಕಬೇಕು.

ದೋಷ ಯಾವಾಗ, ಎಲ್ಲಿ ಶುರುವಾಯಿತು?

ಕೆಲಸವನ್ನು ಮೇಜಿನ ಮೇಲೆ ಹರಡಿ. ಎಳೆಯಬೇಡಿ, ಸುಮ್ನೆ ಮಲಗಿಸಿ. ದೋಷ ಸರಿಯಾಗಿ ಬಣ್ಣ ಬದಲಾದ ಸಾಲಿನಲ್ಲೇ ಶುರುವಾಗಿ, ಮುಂದಿನ ಬಣ್ಣ ಬಂದಾಗ ನಿಂತಿದೆಯಾ? ಹಾಗಿದ್ದರೆ ನೂಲಿನ ದಪ್ಪ ಬೇರೆ. ಬಣ್ಣ ಯಾವುದಾದರೂ ಇರಲಿ, ಸಾಲು ಸಾಲಿಗೂ ಸ್ವಲ್ಪ ಸ್ವಲ್ಪ ಜಾಸ್ತಿಯಾಗುತ್ತಾ ಹೋಗಿದೆಯಾ? ಹಾಗಿದ್ದರೆ ಕುಣಿಕೆಗಳ, ಅಂದರೆ ಕಡ್ಡಿಯ ಮೇಲಿನ ನೂಲಿನ ಸುತ್ತುಗಳ, ಲೆಕ್ಕ ತಪ್ಪಿದೆ. ಹೆಣೆಯುವಾಗ ಚೆನ್ನಾಗಿದ್ದು ಒಗೆದ ಮೇಲೆ ಕೆಟ್ಟಿದ್ದರೆ ನೂಲಿನ ಜಾತಿ ಬೇರೆ, ಅಂದರೆ ಉಣ್ಣೆಯೋ ಅಕ್ರಿಲಿಕ್ಕೋ ಹತ್ತಿಯೋ ಎಂಬುದನ್ನು ನೋಡಬೇಕು. ಒಗೆದಾಗಲೂ ಚೆನ್ನಾಗಿತ್ತು, ಮಳೆಗಾಲ ಮುಗಿಸಿ ಕಪಾಟಿನಿಂದ ತೆಗೆದಾಗ ಕೆಟ್ಟಿತ್ತು ಅಂದರೆ ಇಟ್ಟ ಕ್ರಮದಲ್ಲೇ ತೊಂದರೆ.

ಈ ನಾಲ್ಕರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಆಯಿತು. ಉತ್ತರ ಗೊತ್ತಿಲ್ಲದೆ ಬಿಚ್ಚಿ ಮತ್ತೆ ಅದೇ ನೂಲಲ್ಲಿ ಹೆಣೆದರೆ ಮತ್ತೆ ಅದೇ ದೋಷ ಬರುತ್ತದೆ.

ನೂಲಿನ ಗುರುತು ಹಿಡಿಯುವುದು

ಉಳಿದ ಉಂಡೆಗೆ ಚೀಟಿ ಇರುವುದಿಲ್ಲ. ನಮ್ಮ ಕಡೆ ಅಂಗಡಿಯಲ್ಲಿ ಉಲ್ಲನ್ ಅಂತ ಕೇಳಿದರೆ ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಕುರಿಯ ಉಣ್ಣೆ ಕಡಿಮೆ, ಎರಡೂ ಬೆರೆಸಿದ್ದೂ ಇರುತ್ತದೆ. ಕಣ್ಣಿಗೆ, ಕೈಗೆ ವ್ಯತ್ಯಾಸ ಗೊತ್ತಾಗದಿದ್ದರೆ ಸುಟ್ಟು ನೋಡುವುದೇ ದಾರಿ. ಎರಡು ಇಂಚಿನ ಎಳೆ ಸಾಕು. ಸ್ಟೀಲ್ ತಟ್ಟೆಯ ಮೇಲೆ ಚಿಮಟದಲ್ಲಿ ಹಿಡಿದು, ಎಳೆಯ ತುದಿಗೆ ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಬಣ್ಣದ ಮೆತ್ತಗಿನ ಬೂದಿ. ಅಕ್ರಿಲಿಕ್ ಕರಗಿಕೊಂಡು ಉರಿಯುತ್ತದೆ. ಆರಿದ ಮೇಲೆ ಕಪ್ಪು ಗಟ್ಟಿ ಮಣಿ ಉಳಿಯುತ್ತದೆ, ಅದು ಪುಡಿಯಾಗುವುದಿಲ್ಲ. ಕರಗಿದ ಹನಿ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಆದ್ದರಿಂದ ಕೈಯಲ್ಲಿ ಹಿಡಿಯಲೇಬೇಡಿ, ಮಕ್ಕಳು ಹತ್ತಿರ ಇರುವುದು ಬೇಡ.

ಮೂರು ಜಾತಿಗೆ ಮೂರು ಚೀಲ ಮಾಡಿ. ಪ್ರತಿ ಉಂಡೆಗೆ ಒಂದು ಕಾಗದದ ಚೂರು ಕಟ್ಟಿ ಹೆಸರು ಬರೆದರೆ ಮುಂದಿನ ವರ್ಷ ಮತ್ತೆ ಸುಡುವ ಕೆಲಸ ಇಲ್ಲ.

ಇನ್ನು ದಪ್ಪ. ಶಾಲೆಯ ಸ್ಕೇಲ್ ಒಂದಕ್ಕೆ ನೂಲನ್ನು ಪಕ್ಕ ಪಕ್ಕ ಸುತ್ತಿ, ಬಿಗಿ ಬೇಡ, ಒಂದರ ಮೇಲೊಂದು ಏರುವುದೂ ಬೇಡ. ಒಂದು ಇಂಚಿನಲ್ಲಿ ಎಷ್ಟು ಸುತ್ತು ಬಂತು ಅಂತ ಎಣಿಸಿ. ಒಂದು ಉಂಡೆಗೆ 12 ಬಂದು ಇನ್ನೊಂದಕ್ಕೆ 13 ಬಂದರೆ ಒಟ್ಟಿಗೆ ಹೆಣೆಯಬಹುದು. ಎರಡಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ನಾನು ಒಂದೇ ತುಂಡಿನಲ್ಲಿ ಹಾಗೆಯೇ ಸೇರಿಸುವುದಿಲ್ಲ. ಸಪೂರ ನೂಲಿನ ಎರಡು ಎಳೆ ಕೂಡಿಸಿ ದಪ್ಪದ ಹತ್ತಿರ ತರಬಹುದು. ಕೂಡಿಸಿದ ಎಳೆಯನ್ನೂ ಒಮ್ಮೆ ಸ್ಕೇಲಿಗೆ ಸುತ್ತಿ ನೋಡಿಯೇ ಶುರು ಮಾಡಿ.

ಹೊದಿಕೆಯ ಅಂಚು ನೇರ ಬರುವುದಿಲ್ಲ

ಅತಿ ಹೆಚ್ಚು ಬರುವ ದೂರು ಇದು. ಒಂದು ಪಟ್ಟೆ ಮಾತ್ರ ಹೊರಗೆ ಉಬ್ಬಿದ್ದರೆ ಆ ಪಟ್ಟೆಯ ನೂಲು ದಪ್ಪ. ಲೆಕ್ಕ ಹಾಕಿ ನೋಡೋಣ. ಸಪೂರ ನೂಲಿನಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬರುತ್ತದೆ ಅಂದುಕೊಳ್ಳಿ. 110 ಕುಣಿಕೆ ಹಾಕಿದರೆ ಅಗಲ 50 ಸೆಂ.ಮೀ. ದಪ್ಪ ನೂಲಿನಲ್ಲಿ 10 ಸೆಂ.ಮೀ.ಗೆ 18 ಕುಣಿಕೆ ಅಂದರೆ ಅದೇ 110 ಕುಣಿಕೆ 61 ಸೆಂ.ಮೀ. ಆಗುತ್ತದೆ. 11 ಸೆಂ.ಮೀ. ಎಲ್ಲಿಗೆ ಹೋಗಬೇಕು? ಅಂಚಿಗೆ ಹೋಗುತ್ತದೆ, ಇಲ್ಲವೇ ಮಧ್ಯದಲ್ಲಿ ಅಲೆಯಾಗುತ್ತದೆ.

ಪರಿಹಾರವೂ ಇದೇ ಲೆಕ್ಕದಲ್ಲಿದೆ. ದಪ್ಪ ನೂಲು ಶುರುವಾಗುವ ಸಾಲಿನಲ್ಲಿ 5 ಅಥವಾ 6 ಕುಣಿಕೆಗೊಮ್ಮೆ ಎರಡನ್ನು ಸೇರಿಸಿ ಹೆಣೆದು 110ನ್ನು 90ಕ್ಕೆ ಇಳಿಸಿ. ಆಗ 90 ಕುಣಿಕೆಯೂ 50 ಸೆಂ.ಮೀ. ಆಗುತ್ತದೆ. ಸಪೂರ ನೂಲು ಮತ್ತೆ ಬಂದಾಗ 20 ಕುಣಿಕೆ ಹೆಚ್ಚಿಸಿ 110ಕ್ಕೆ ತನ್ನಿ. ಇದನ್ನು ಮಾಡಲು ಮೊದಲೇ ಎರಡೂ ನೂಲಿನಲ್ಲಿ ಸಣ್ಣ ಚೌಕ ಹೆಣೆದು ಅಳೆದಿರಬೇಕು. ಉಳಿದ ನೂಲೇ ಕಡಿಮೆ, ಅದರಲ್ಲಿ ಚೌಕಕ್ಕೆ ಯಾಕೆ ಖರ್ಚು ಅಂತ ಅನಿಸುತ್ತದೆ. ಅಳೆದ ಮೇಲೆ ಆ ಚೌಕ ಬಿಚ್ಚಿ ನೂಲು ವಾಪಸ್ ತೆಗೆಯಬಹುದು, ನಷ್ಟ ಏನಿಲ್ಲ.

ಅಗಲ ನಿಧಾನವಾಗಿ ಏರುತ್ತಾ ಹೋಗಿದ್ದರೆ ಕುಣಿಕೆ ಎಣಿಸಿ. 110 ಹಾಕಿದ್ದು 121 ಆಗಿದ್ದರೆ ಸಾಲಿನ ಮೊದಲ ಕುಣಿಕೆಯನ್ನು ಪರೀಕ್ಷಿಸಿ. ಕೆಲಸ ತಿರುಗಿಸಿದಾಗ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಕೆಳಗಿನ ಕುಣಿಕೆಯ ಎರಡು ಕಾಲುಗಳು ಮೇಲೆ ಬಂದು ಎರಡು ಕುಣಿಕೆಯ ಹಾಗೆ ಕಾಣುತ್ತವೆ. ಎರಡನ್ನೂ ಹೆಣೆದರೆ ಒಂದು ಜಾಸ್ತಿಯಾಯಿತು. ನೂಲು ಕಡ್ಡಿಯ ಕೆಳಗಿನಿಂದ ಹಿಂದೆ ಹೋಗಬೇಕು. ಬಣ್ಣ ಬದಲಿಸುವ ಕಡೆ ಹೊಸ ನೂಲಿನ ಬಾಲವನ್ನೂ, ಅಂದರೆ ಬಿಟ್ಟ ತುದಿಯನ್ನೂ, ಕುಣಿಕೆ ಅಂತ ಎಣಿಸಿ ಹೆಣೆಯುವುದು ಇನ್ನೊಂದು ಕಾರಣ. ಪಟ್ಟೆ ಜಾಸ್ತಿ ಇರುವ ಕೆಲಸದಲ್ಲಿ ಇದು ಬಹಳ ಸಲ ಆಗುತ್ತದೆ, ಯಾಕೆಂದರೆ ಬಾಲಗಳೇ ಜಾಸ್ತಿ. ಕ್ರೋಶಾ ಕೆಲಸದಲ್ಲಿ, ಅಂದರೆ ಕೊಕ್ಕೆ ಇರುವ ಒಂದೇ ಕಡ್ಡಿಯಲ್ಲಿ ಹೆಣೆಯುವಾಗ, ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ಅಗಲ ಕಡಿಮೆಯಾಗುತ್ತಾ ಬರುತ್ತದೆ. ಅಲ್ಲಿ ಸಾಲಿನ ಕೊನೆಯ ಕುಣಿಕೆ ತಪ್ಪಿರುತ್ತದೆ.

ಕಡ್ಡಿಯ ನಂಬರನ್ನೂ ಒಮ್ಮೆ ನೋಡಿಬಿಡಿ. ನಮ್ಮಲ್ಲಿ ಹಳೆಯ ಕಡ್ಡಿಗಳಿಗೆ ಬ್ರಿಟಿಷ್ ನಂಬರ್ ಇರುತ್ತದೆ. ನಂಬರ್ ಏರಿದಷ್ಟು ಕಡ್ಡಿ ಸಪೂರ. 8 ನಂಬರ್ ಅಂದರೆ 4 ಮಿ.ಮೀ., 10 ನಂಬರ್ ಅಂದರೆ 3.25 ಮಿ.ಮೀ. ಅಮೆರಿಕದ ಲೆಕ್ಕದಲ್ಲಿ ನಂಬರ್ ಏರಿದಷ್ಟು ದಪ್ಪ, ಅಲ್ಲಿನ 8 ಅಂದರೆ 5 ಮಿ.ಮೀ. ವಿಡಿಯೋ ನೋಡಿ ಅಲ್ಲಿ ಹೇಳಿದ 8 ನಂಬರ್ ಅಂತ ಅಮ್ಮನ ಡಬ್ಬಿಯಿಂದ 8 ತೆಗೆದರೆ ಇಡೀ ತುಂಡು ಗಟ್ಟಿ, ಚಿಕ್ಕದು ಆಗುತ್ತದೆ. ಮಿ.ಮೀ. ನೋಡಿಯೇ ಕಡ್ಡಿ ಆರಿಸಿ.

ಕೋಸ್ಟರ್ ಬಟ್ಟಲಾಗುತ್ತದೆ, ಇಲ್ಲವೇ ನೆರಿಗೆ ಬೀಳುತ್ತದೆ

ಚಹಾ ಲೋಟದ ಕೆಳಗೆ ಇಡುವ ದುಂಡಗಿನ ಕೋಸ್ಟರ್‌ಗೆ 10 ಗ್ರಾಂ ನೂಲು ಧಾರಾಳ ಸಾಕು. ಅದಕ್ಕೇ ಉಳಿದ ನೂಲಿಗೆ ಇದು ಒಳ್ಳೆ ಕೆಲಸ. ಸಿಂಗಲ್ ಕ್ರೋಶಾದಲ್ಲಿ (ಗಿಡ್ಡ ಕುಣಿಕೆ) ಪ್ರತಿ ಸುತ್ತಿಗೆ 6, ಡಬಲ್ ಕ್ರೋಶಾದಲ್ಲಿ (ಉದ್ದ ಕುಣಿಕೆ) ಪ್ರತಿ ಸುತ್ತಿಗೆ 12 ಕುಣಿಕೆ ಹೆಚ್ಚಿಸಿದರೆ ಸಾಮಾನ್ಯವಾಗಿ ಸಪಾಟಾಗಿ ಬರುತ್ತದೆ. ಅಂಚು ಮೇಲೆದ್ದು ಬಟ್ಟಲಾದರೆ ಹೆಚ್ಚಿಸಿದ್ದು ಸಾಲದು. ನೆರಿಗೆ ಬಿದ್ದರೆ ಜಾಸ್ತಿಯಾಗಿದೆ.

ಲೆಕ್ಕ ಸರಿ ಇದ್ದೂ ಹೀಗಾದರೆ ಯಾವ ಸುತ್ತಿನಿಂದ ಶುರುವಾಯಿತು ನೋಡಿ. ಹೊರ ಸುತ್ತಿಗೆ ದಪ್ಪ ನೂಲು ಬಂದರೆ ಅಲ್ಲಿಂದ ನೆರಿಗೆ. ಹೊರ ಸುತ್ತಿಗೆ ಸಪೂರ ನೂಲು ಬಂದರೆ ಅದು ಒಳಗಿನದನ್ನು ಬಿಗಿಯಾಗಿ ಕಟ್ಟಿ ಬಟ್ಟಲು ಮಾಡುತ್ತದೆ. ಇಡೀ ಬಿಚ್ಚಬೇಕಾಗಿಲ್ಲ. ಆ ಸುತ್ತಿನವರೆಗೆ ಮಾತ್ರ ಬಿಚ್ಚಿ, ದಪ್ಪ ನೂಲಿಗೆ ಹೆಚ್ಚಿಸುವುದನ್ನು ಒಂದು ಸುತ್ತು ನಿಲ್ಲಿಸಿ. ಸಪೂರ ನೂಲಿಗೆ ಎರಡು ಎಳೆ ಹಿಡಿಯಿರಿ, ಇಲ್ಲವೇ ದೊಡ್ಡ ಕಡ್ಡಿ ತೆಗೆದುಕೊಳ್ಳಿ.

ಒಗೆದ ಮೇಲೆ ಕೆಟ್ಟಿತು

ಇದು ನನಗೆ ಅತಿ ಬೇಸರ ತರುವ ದೋಷ, ಯಾಕೆಂದರೆ ಹೆಚ್ಚಿನ ಸಲ ವಾಪಸ್ ತರಲು ಆಗುವುದಿಲ್ಲ. ಉಣ್ಣೆಯ ಪಟ್ಟೆ, ಅಕ್ರಿಲಿಕ್ ಪಟ್ಟೆ ಒಂದರ ಪಕ್ಕ ಒಂದು ಇರುವ ಹೊದಿಕೆಯನ್ನು ವಾಷಿಂಗ್ ಮೆಷೀನ್‌ಗೆ ಬಿಸಿನೀರಲ್ಲಿ ಹಾಕಿದರೆ ಉಣ್ಣೆಯ ಪಟ್ಟೆ ಕುಗ್ಗುತ್ತದೆ, ಅಕ್ರಿಲಿಕ್ ಹಾಗೇ ಇರುತ್ತದೆ. ನಡುವೆ ಸುಕ್ಕು. ಉಣ್ಣೆಯ ಎಳೆಗಳ ಮೇಲೆ ಸಣ್ಣ ಪೊರೆಗಳಿವೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಸಿಕ್ಕಿಕೊಂಡದ್ದನ್ನು ಬಿಡಿಸುವ ದಾರಿ ಇಲ್ಲ. ಹಾಗೆ ಗಟ್ಟಿಯಾದ ಭಾಗವನ್ನು ಕತ್ತರಿಸಿ ಬಿಸಿ ಪಾತ್ರೆಯ ಕೆಳಗೆ ಇಡುವ ಚೌಕ ಮಾಡಿಕೊಳ್ಳಿ. ಚೆನ್ನಾಗಿ ಗಟ್ಟಿಯಾಗಿದ್ದರೆ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲ.

ಅಡುಗೆಮನೆಯ ವಿಷಯ ಬಂದದ್ದಕ್ಕೆ ಒಂದು ಮಾತು, ದಯವಿಟ್ಟು ಇದನ್ನು ಹಗುರ ಮಾಡಬೇಡಿ. ಕಾವಲಿ, ಕುಕ್ಕರ್ ಹಿಡಿಯುವ ಬಟ್ಟೆಯನ್ನು ಅಕ್ರಿಲಿಕ್‌ನಲ್ಲಿ ಹೆಣೆಯಬಾರದು. ನೀರುದೋಸೆಗೆ ಕಾಯಿಸಿದ ಕಬ್ಬಿಣದ ಕಾವಲಿಯ ಹಿಡಿಯಲ್ಲಿ ಅದು ಕರಗಿ ಕೈಗೆ ಅಂಟಬಹುದು. ಹತ್ತಿ ನೂಲು ಅಥವಾ ಉಣ್ಣೆ ಮಾತ್ರ, ಅದೂ ಎರಡು ಪದರ. ಮನೆಯಲ್ಲಿ ಈಗಾಗಲೇ ಹೆಣೆದ ಬಟ್ಟೆ ಇದ್ದು, ಅದು ಯಾವ ನೂಲು ಅಂತ ಗೊತ್ತಿಲ್ಲದಿದ್ದರೆ ಅಂಚಿನ ಬಾಲ ಒಂದನ್ನು ಕತ್ತರಿಸಿ ಸುಟ್ಟು ನೋಡಿ. ಮಣಿ ಉಳಿದರೆ ಆ ಬಟ್ಟೆ ಒಲೆಯ ಹತ್ತಿರ ಬೇಡ.

ಬಣ್ಣ ಬಿಟ್ಟಿತು

ಕೆಂಪು, ಮೆರೂನ್, ಕಡು ನೀಲಿ ಹತ್ತಿ ನೂಲಿನ ಪಕ್ಕ ಬಿಳಿ ಬಂದಾಗ ಈ ಭಯ. ಅಕ್ರಿಲಿಕ್ ಬಣ್ಣ ಬಿಡುವುದು ಅಪರೂಪ. ಬಿಳಿಯಲ್ಲಿ ಕೆಂಪು ಎಲ್ಲ ಕಡೆ ತೆಳುವಾಗಿ ಹರಡಿದ್ದರೆ ಒಗೆಯುವ ನೀರಿನಲ್ಲೇ ಬಣ್ಣ ಬಂದಿದೆ. ಮಡಿಚಿದ ಗೆರೆಯ ಹತ್ತಿರ, ನೇತುಹಾಕಿದಾಗ ಕೆಳಗೆ ಬಂದ ಅಂಚಿನಲ್ಲಿ ಮಾತ್ರ ಕಲೆ ಇದ್ದರೆ ಒಣಗುವಾಗ ಆದದ್ದು. ನಮ್ಮೂರಲ್ಲಿ ಎರಡನೆಯದೇ ಜಾಸ್ತಿ. ಜುಲೈನಲ್ಲಿ ಒದ್ದೆ ಹೊದಿಕೆ ಎರಡು ದಿನ ಒಣಗದೆ ತೂಗಾಡುತ್ತಿದ್ದರೆ ಬಣ್ಣಕ್ಕೆ ಹರಿಯಲು ಅಷ್ಟೂ ಸಮಯ ಸಿಗುತ್ತದೆ.

ಕಲೆ ಕಂಡ ಕೂಡಲೇ, ಒಣಗುವ ಮೊದಲೇ, ಧಾರಾಳ ನೀರಿನಲ್ಲಿ ಸೋಪು ಹಾಕಿ ಮತ್ತೆ ಒಗೆಯಿರಿ. ಇಸ್ತ್ರಿ ಮುಟ್ಟಿಸಬೇಡಿ. ಆಮೇಲೆ ದಪ್ಪ ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಫ್ಯಾನ್ ಕೆಳಗೆ ಚಪ್ಪಟೆಯಾಗಿ ಹರಡಿ. ದಿಂಬಿನ ಕವರಿನೊಳಗೆ ಹಾಕಿ ಮೆಷೀನಿನ ಸ್ಪಿನ್ ಮಾತ್ರ ಕೊಟ್ಟರೂ ಆಗುತ್ತದೆ. ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ. ಹತ್ತಿಯ ಬಣ್ಣಕ್ಕೆ ಅದರಿಂದ ಪ್ರಯೋಜನ ಇಲ್ಲ. ಹೆಣೆಯುವ ಮೊದಲು ಪ್ರತಿ ಕಡು ಬಣ್ಣದ ಎಳೆಯನ್ನು ಬೆಚ್ಚಗಿನ ಸೋಪು ನೀರಿನಲ್ಲಿ ಅದ್ದಿ, ಬಿಳಿ ಬಟ್ಟೆಯ ಮಧ್ಯೆ ಕಾಲು ಗಂಟೆ ಒತ್ತಿಟ್ಟು ನೋಡುವುದೇ ನಂಬಬಹುದಾದ ಪರೀಕ್ಷೆ. ಬಟ್ಟೆಗೆ ಬಣ್ಣ ಹತ್ತಿದರೆ ಆ ಉಂಡೆಯನ್ನು ಬಿಳಿಯ ಜೊತೆ ಸೇರಿಸಬೇಡಿ. ಅದೊಂದನ್ನೇ ಬೇರೆ ಕೆಲಸಕ್ಕೆ ಇಡಿ.

ಮಳೆಗಾಲದ ನಂತರ ಕಂಡ ದೋಷ

ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಂಥ ಊರಿನಲ್ಲಿ ನೂಲಿನ ಚೀಲ ಗೋಡೆಗೆ ತಾಗಿದ ಕಪಾಟಿನಲ್ಲಿದ್ದರೆ ಮುಗ್ಗಲು ವಾಸನೆ ಬರದೆ ಇರುತ್ತದಾ? ವಾಸನೆ ಮಾತ್ರ ಇದ್ದರೆ ಉಂಡೆ ಬಿಡಿಸಿ ಸಡಿಲವಾಗಿ ಸುತ್ತಿ ಲಡಿ ಮಾಡಿ ಒಗೆದು ಬಿಸಿಲಿಗೆ ಹಾಕಿದರೆ ಹೋಗುತ್ತದೆ. ಹತ್ತಿ ನೂಲಿನಲ್ಲಿ ಕಪ್ಪು ಚುಕ್ಕಿ ಬಿದ್ದಿದ್ದರೆ ಅದು ಬೂಷ್ಟು, ಆ ಭಾಗ ಸುಲಭಕ್ಕೆ ಬಿಳಿಯಾಗದು. ಒತ್ತಿ ಎಳೆದಾಗ ಪಟ್ ಅಂತ ತುಂಡಾದರೆ ಎಸೆಯುವುದೇ ಸರಿ. ಅಕ್ರಿಲಿಕ್‌ಗೆ ಬೂಷ್ಟು ಹಾಗೆ ಹಿಡಿಯುವುದಿಲ್ಲ, ಆದರೆ ಅದರ ಮೇಲಿನ ಕೊಳೆ, ಬೆವರಿಗೆ ಹಿಡಿಯುತ್ತದೆ. ಹಳೆಯ ಸ್ವೆಟರ್ ಬಿಚ್ಚಿದ ನೂಲನ್ನು ಒಗೆಯದೆ ಇಡಬೇಡಿ.

ಹೆಣೆಯುತ್ತಾ ಹೋದಂತೆ ಉಂಡೆಯ ನೂಲು ಅಲ್ಲಲ್ಲಿ ತುಂಡಾಗಿ ಬರುತ್ತಿದೆಯಾ? ಉಣ್ಣೆಯಾದರೆ ನುಸಿಯ ಮರಿ ತಿಂದಿದೆ. ಉಂಡೆಯ ಹೊರಗೆ ಕಾಣದಿದ್ದರೂ ಒಳಗೆ ತುಂಡಾಗಿರುತ್ತದೆ. ಆ ಉಂಡೆಯನ್ನು ಬೇರೆ ಉಂಡೆಗಳಿಂದ ದೂರ ಮಾಡಿ, ಗಾಳಿ ಹೋಗದ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಡಿ. ಒಣ ಬೇವಿನ ಎಲೆ ಇಡುವ ಪದ್ಧತಿ ಒಳ್ಳೆಯದೇ. ಆದರೆ ಒಮ್ಮೆ ಮೊಟ್ಟೆ ಇಟ್ಟಾದ ಮೇಲೆ ಎಲೆಯನ್ನು ಮಾತ್ರ ನಂಬಿ ಕೂರಬಾರದು.

ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಕಾ, ಬಟ್ಟೆ ಚೀಲದಲ್ಲಾ ಅಂತ ಕೇಳುತ್ತಾರೆ. ಮೇ ತಿಂಗಳ ಬಿಸಿಲಿಗೆ ಕಾಯಿಸಿ, ಬಿಸಿ ಆರಿದ ಮೇಲೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಟ್ಟರೆ ಪ್ಲಾಸ್ಟಿಕ್ ಒಳ್ಳೆಯದು. ಮಳೆ ಶುರುವಾದ ಮೇಲೆ ತಂಪಾಗಿದ್ದ ನೂಲನ್ನು ಅದೇ ಡಬ್ಬಿಗೆ ಹಾಕಿ ಮುಚ್ಚಿದರೆ ತೇವವೂ ಒಳಗೇ ಉಳಿಯುತ್ತದೆ. ಆಗ ಬಟ್ಟೆ ಚೀಲವೇ ವಾಸಿ. ಆಟಿಯಲ್ಲಿ (ಜುಲೈ-ಆಗಸ್ಟ್‌ಗೆ ಬರುವ ತುಳು ತಿಂಗಳು) ಒಂದು ಗಂಟೆ ಬಿಸಿಲು ಬಂದರೂ ಚೀಲವನ್ನು ಅಂಗಳಕ್ಕೆ ತನ್ನಿ.

ಕಡ್ಡಿಯಿಂದಲೂ ಕಲೆ ಬರುತ್ತದೆ. ಸಮುದ್ರದ ಉಪ್ಪು ಗಾಳಿಗೆ ಸ್ಟೀಲ್ ಕಡ್ಡಿ, ಕ್ರೋಶಾ ಕಡ್ಡಿ ತುಕ್ಕು ಹಿಡಿಯುತ್ತವೆ. ಅರ್ಧ ಕೆಲಸವನ್ನು ಕಡ್ಡಿಯಲ್ಲೇ ಬಿಟ್ಟು ತಿಂಗಳುಗಟ್ಟಲೆ ಇಟ್ಟರೆ ಕುಣಿಕೆಗಳ ಉದ್ದಕ್ಕೂ ಕಂದು ಗೆರೆ ಬೀಳುತ್ತದೆ. ಬಿಳಿ ಹತ್ತಿಯಾದರೆ ನಿಂಬೆ ರಸ, ಉಪ್ಪು ಹಚ್ಚಿ ಬಿಸಿಲಿಗೆ ಇಟ್ಟು ತೊಳೆದರೆ ಕಡಿಮೆಯಾಗುತ್ತದೆ. ಬಣ್ಣದ ನೂಲಿಗೆ ಇದನ್ನು ಮಾಡಿದರೆ ಆ ಬಣ್ಣವೂ ಮಾಸಬಹುದು. ಕೆಲಸ ನಿಲ್ಲಿಸುವುದಾದರೆ ಕುಣಿಕೆಗಳನ್ನು ದಪ್ಪ ಹತ್ತಿ ದಾರಕ್ಕೆ ದಾಟಿಸಿ ಕಡ್ಡಿ ತೆಗೆದುಬಿಡಿ.

ನೂಲು ನಡುವೆ ಮುಗಿಯಿತು

ಡಿಜಿಟಲ್ ತಕ್ಕಡಿ ಇದ್ದರೆ ಈ ತೊಂದರೆಯೇ ಇಲ್ಲ. ಉಂಡೆಯನ್ನು ತೂಗಿ, 10 ಸಾಲು ಹೆಣೆದು ಮತ್ತೆ ತೂಗಿ. 6 ಗ್ರಾಂ ಕಡಿಮೆಯಾದರೆ ಸಾಲಿಗೆ 0.6 ಗ್ರಾಂ. ಉಳಿದದ್ದು 9 ಗ್ರಾಂ ಆದರೆ 15 ಸಾಲು. ಒಂದೇ ಸಾಲು ಹೆಣೆದು ತೂಗಿದರೆ ತಕ್ಕಡಿ ಅಷ್ಟು ಸಣ್ಣ ವ್ಯತ್ಯಾಸ ತೋರಿಸುವುದಿಲ್ಲ, ಅದಕ್ಕೆ 10 ಸಾಲು. ಕುಣಿಕೆ ಮುಚ್ಚುವ ಸಾಲಿಗೆ ಕೆಲಸದ ಅಗಲದ ನಾಲ್ಕು ಪಟ್ಟು ನೂಲು ಬೇರೆ ಇಟ್ಟುಕೊಳ್ಳಿ. 50 ಸೆಂ.ಮೀ. ಹೊದಿಕೆಗೆ 2 ಮೀಟರ್.

ಎಷ್ಟು ದೊಡ್ಡದಾಗುತ್ತದೆ ಅಂತ ಗೊತ್ತಿಲ್ಲದ ಒಂದೇ ಉಂಡೆಗೆ ಮೂಲೆಯಿಂದ ಮೂಲೆಗೆ ಹೆಣೆಯುವ ಚೌಕ ಒಳ್ಳೆಯದು. 3 ಕುಣಿಕೆಯಿಂದ ಶುರು ಮಾಡಿ ಪ್ರತಿ ಸಾಲಿಗೆ ಒಂದು ಹೆಚ್ಚಿಸಿ, ಎಲ್ಲ ಸಾಲೂ ಸೀದಾ (ನಿಟ್). ಉಂಡೆಯ ತೂಕ ಅರ್ಧಕ್ಕೆ ಇಳಿಯುವ ಸ್ವಲ್ಪ ಮೊದಲು ಪ್ರತಿ ಸಾಲಿಗೆ ಒಂದು ಕಡಿಮೆ ಮಾಡುತ್ತಾ ಬನ್ನಿ. ನೂಲು ಎಷ್ಟೇ ಇರಲಿ, ಚೌಕ ಪೂರ್ತಿಯಾಗುತ್ತದೆ. ಹೊದಿಕೆಗೆ ಬೇಕಾದ ಚೌಕಗಳನ್ನು ಹೀಗೆ ಮಾಡಿ ಸೇರಿಸುವುದಾದರೆ ಎಲ್ಲವನ್ನೂ ಅತಿ ಚಿಕ್ಕದರ ಅಳತೆಗೆ ನಿಲ್ಲಿಸಿ.

ಅದೇ ಬಣ್ಣದ ಹೊಸ ಉಂಡೆ ತಂದರೂ ಗೆರೆ ಎಳೆದ ಹಾಗೆ ವ್ಯತ್ಯಾಸ ಕಾಣುವುದುಂಟು. ಬಣ್ಣ ಹಾಕಿದ ಲಾಟ್ ಬೇರೆ, ಅಂದರೆ ಎರಡಕ್ಕೂ ಒಂದೇ ಸಲ ಬಣ್ಣ ಹಾಕಿದ್ದಲ್ಲ. ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಹೀಗೆ ಬದಲಿಸುತ್ತಾ ಹತ್ತು ಹನ್ನೆರಡು ಸಾಲು ಹೋದರೆ ಕಣ್ಣಿಗೆ ಹೊಡೆಯುವುದಿಲ್ಲ.

ಸುರುಳಿ, ಗಂಟು, ಜೋತುಬಿದ್ದ ಚೀಲ

ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ (ಪರ್ಲ್) ಹೆಣೆದ ತುಂಡು ಅಂಚಿನಲ್ಲಿ ಸುರುಳಿ ಸುತ್ತುವುದು ನೂಲಿನ ದೋಷ ಅಲ್ಲ, ಆ ಹೆಣಿಗೆಯ ಗುಣ. ನಾಲ್ಕೂ ಕಡೆ 5 ಕುಣಿಕೆ, 5 ಸಾಲು ಬರೀ ಸೀದಾ ಹೆಣೆದರೆ ತುಂಬಾ ಕಡಿಮೆಯಾಗುತ್ತದೆ. ಉಣ್ಣೆಯನ್ನು ಒದ್ದೆ ಮಾಡಿ ಪಿನ್ ಹಾಕಿ ಒಣಗಿಸಿದರೆ ನೇರವಾಗುತ್ತದೆ. ಅಕ್ರಿಲಿಕ್‌ಗೆ ನೀರು ಸಾಲದು, ಇಸ್ತ್ರಿಪೆಟ್ಟಿಗೆಯನ್ನು ಒಂದು ಇಂಚು ಮೇಲೆ ಹಿಡಿದು ಆವಿ ಮಾತ್ರ ಕೊಡಬೇಕು. ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ಆ ಭಾಗ ಚಪ್ಪಟೆಯಾಗಿ ಹೊಳೆಯುತ್ತದೆ, ಅದು ಹೋಗುವುದಿಲ್ಲ.

ಬಣ್ಣ ಸೇರಿಸಿದಲ್ಲಿ ಗಂಟು ಬಿಚ್ಚಿ ತೂತಾದರೆ ಬಾಲ ಚಿಕ್ಕದಾಗಿತ್ತು ಅಂತ ಅರ್ಥ. 15 ಸೆಂ.ಮೀ. ಬಾಲ ಬಿಟ್ಟು, ದಪ್ಪ ಸೂಜಿಯಲ್ಲಿ ಒಂದು ಕಡೆ ಹೋಗಿ, ತಿರುಗಿ, ಮತ್ತೆ ಒಮ್ಮೆ ತಿರುಗಿ ಒಳಗೆ ಹಾಯಿಸಿ. ಅಕ್ರಿಲಿಕ್, ಹತ್ತಿ ಎರಡೂ ಜಾರುವ ನೂಲು, ಒಂದೇ ದಿಕ್ಕಿಗೆ ಹಾಯಿಸಿದ ಬಾಲ ಒಗೆದಾಗ ಹೊರಬರುತ್ತದೆ. ಎರಡು ತುದಿಗಳನ್ನು ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿ ಸೇರಿಸುವ ವಿಧಾನ ಉಣ್ಣೆಗೆ ಮಾತ್ರ. ಮೆಷೀನ್‌ನಲ್ಲಿ ಒಗೆಯಬಹುದು ಅಂತ ಸಂಸ್ಕರಿಸಿದ ಉಣ್ಣೆಯಲ್ಲೂ ಅದು ಹಿಡಿಯುವುದಿಲ್ಲ.

ಸೆಂಟ್ರಲ್ ಮಾರ್ಕೆಟ್‌ಗೋ ಉಡುಪಿಯ ರಥಬೀದಿಗೋ ತೆಗೆದುಕೊಂಡು ಹೋಗುವ ಹತ್ತಿ ಚೀಲ ಎರಡು ತೆಂಗಿನಕಾಯಿ, ಒಂದು ಮಂಗಳೂರು ಸೌತೆ ಬಿದ್ದ ಕೂಡಲೇ ಮೊಣಕಾಲಿನವರೆಗೆ ಇಳಿದರೆ ಮೊದಲು ಹಿಡಿಯನ್ನು ಅಳೆಯಿರಿ. ಹಿಡಿ ಮಾತ್ರ ಉದ್ದವಾಗಿದ್ದರೆ ಅದರ ಒಳಬದಿಗೆ ಹಳೆಯ ಹತ್ತಿ ಸೀರೆಯ ಅಂಚು ಕತ್ತರಿಸಿ ಹೊಲಿದುಬಿಡಿ, ಅದು ಎಳೆತ ತಡೆಯುತ್ತದೆ. ಚೀಲದ ಮೈಯೇ ಇಳಿದಿದ್ದರೆ ಹೆಣಿಗೆ ಸಡಿಲ. ಎರಡು ನಂಬರ್ ಸಪೂರ ಕಡ್ಡಿಯಲ್ಲಿ ತಳದಿಂದ ಮತ್ತೆ ಹೆಣೆಯಬೇಕು. ಮೈಗೆ ಸೀರೆಯ ಬಟ್ಟೆಯ ಒಳಪದರ ಕೊಟ್ಟರೆ ಬಿಚ್ಚದೆಯೂ ಉಳಿಸಿಕೊಳ್ಳಬಹುದು.